ಮಲಯಾಟ್ಟೂರಿನ ಕಲ್ಲುಹಾದಿ

ಎರ್ನಾಕುಳಂ ಜಿಲ್ಲೆಯ ಮಲಯಾಟ್ಟೂರಿನ ಕುರಿಶುಮುಡಿ ಬೆಟ್ಟ 609 ಮೀಟರ್ ಎತ್ತರ. ಪ್ರೇಷಿತ ಸಂತ ತೋಮಾಸರು ಇಲ್ಲಿ ಪ್ರಾರ್ಥಿಸಿದರೆಂಬುದು ಪರಂಪರೆಯ ನಂಬಿಕೆ. ತಪಸ್ಸುಕಾಲದಲ್ಲಿ ಯಾತ್ರಿಕರು ಮರದ ಶಿಲುಬೆ ಹೊತ್ತು, ಶಿಲುಬೆ ಹಾದಿಯ 14 ಸ್ಥಳಗಳಲ್ಲಿ ನಿಂತು ಪ್ರಾರ್ಥಿಸುತ್ತಾ ಹತ್ತುತ್ತಾರೆ. ದೊಡ್ಡ ಹಬ್ಬ ಪಾಸ್ಖದ ನಂತರದ ಭಾನುವಾರ. ಬಂಡೆ ಕಾಯುವ ಮುನ್ನ, ಬೆಳಗಿನ ಜಾವವೇ ಹೊರಡಬೇಕು. ಬರಿಗಾಲಲ್ಲಿ ಹತ್ತುವುದು ಭಕ್ತಿಯೇ ಸರಿ, ಆದರೆ ಸಕ್ಕರೆ ಕಾಯಿಲೆಯವರು ಚಪ್ಪಲಿ ಬಿಡಬಾರದು. ಕಾಲಿನ ಗಾಯ ಎಷ್ಟೋ ಸಲ ಅವರಿಗೆ ಗೊತ್ತೇ ಆಗುವುದಿಲ್ಲ.

ಕಾಸರಗೋಡಿನಿಂದ ಹೋದ ನಮ್ಮ ತಂಡದ ಒಬ್ಬ ತಾಯಿ ಒಂಬತ್ತನೆಯ ಸ್ಥಳದಲ್ಲಿ ಕುಳಿತೇಬಿಟ್ಟರು. ಇಲ್ಲೇ ಜಪಸರ ಹೇಳಿ ಸಾಕು ಎಂದೆವು.

"ಮಗ ಕುಡಿತ ಬಿಟ್ಟು ಮೂವತ್ತು ದಿನ ಆಯ್ತು ಫಾದರ್. ಇನ್ನೈದು ಸ್ಥಳ ಬಿಡ್ಲಿಕ್ಕುಂಟಾ?"

ಹಿಂದಿದ್ದ ಮಗ ತನ್ನ ಶಿಲುಬೆಯನ್ನು ನಮ್ಮ ಹೆಗಲಿಗೆ ದಾಟಿಸಿ ಅವರ ಕೈ ಹಿಡಿದ.