ಓತಿಗಳು ತಾಣ ಆರಿಸುವ ಪರಿ

ಹಲ್ಲಿ, ಓತಿ, ಹಾವುರಾಣಿಗಳು ಶತ್ರುಗಳಿಂದ ಪಾರಾಗುವ ಬಗೆಯನ್ನು ವಿವರಿಸುವಾಗ ಕಳಚಿ ಬೀಳುವ ಬಾಲವನ್ನೂ ಪರಿಸರದಲ್ಲಿ ಬೆರೆತುಹೋಗುವ ಮೈಬಣ್ಣವನ್ನೂ ಮುಂದಿಡುವುದು ವಾಡಿಕೆ. ಆದರೆ ಕೂರುವ ಜಾಗ ತಪ್ಪಿದರೆ ಎಂಥ ಬಣ್ಣವೂ ಕಾಪಾಡಲಾರದಾದ್ದರಿಂದ, ತಾಣದ ಆಯ್ಕೆಯನ್ನೂ ಒಂದು ರಕ್ಷಣಾ ತಂತ್ರವೆಂದೇ ಎಣಿಸಬೇಕಾಗುತ್ತದೆ.

ಇದಕ್ಕೆ ಸ್ಪಷ್ಟ ನಿದರ್ಶನ ಗ್ರೀಸ್ ದೇಶದ ಈಜಿಯನ್ ಸಮುದ್ರದ ದ್ವೀಪಗಳಲ್ಲಿ ದೊರೆತಿದೆ. ಅಲ್ಲಿನ ಗೋಡೆಹಲ್ಲಿ, ನಮ್ಮ ಮನೆಗಳ ಹಲ್ಲಿಯಂತೆ ರಾತ್ರಿ ಸಂಚರಿಸದೆ, ಹಗಲಿನಲ್ಲಿ ಕಲ್ಲುಗಳ ಮೇಲೆ ಬಿಸಿಲು ಕಾಯಿಸುವ ಜೀವಿಯಾಗಿರುವುದರಿಂದ ಹಕ್ಕಿಗಳ ಕಣ್ಣಿಗೆ ಸುಲಭವಾಗಿ ಬೀಳುವ ಅಪಾಯವಿದೆ. ಮನುಷ್ಯರ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಮೂರು ಬಗೆಯವಾದರೆ ಹಕ್ಕಿಗಳಲ್ಲಿ ನಾಲ್ಕು ಬಗೆಯವಿದ್ದು, ಅನೇಕ ಹಕ್ಕಿಗಳು ನಮಗೆ ಕಾಣದ ಅತಿನೇರಳೆ ಕಿರಣಗಳನ್ನೂ ಕಾಣಬಲ್ಲವು. ಆದಕಾರಣ ಸಂಶೋಧಕರು ಹಲ್ಲಿಯ ಬೆನ್ನನ್ನೂ ಅದು ಕುಳಿತ ಕಲ್ಲನ್ನೂ ಹಕ್ಕಿಯ ದೃಷ್ಟಿಯ ಲೆಕ್ಕದಲ್ಲಿ ಹೋಲಿಸಿ ನೋಡಿದರು. 2016ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಪ್ರತಿಯೊಂದು ಹಲ್ಲಿಯೂ ತಾನು ಆರಿಸಿಕೊಂಡ ಕಲ್ಲಿಗೆ, ಸುತ್ತಲಿನ ಇತರ ಕಲ್ಲುಗಳಿಗಿಂತ ಹೆಚ್ಚು ಹೊಂದುತ್ತಿತ್ತು. ಅಂದರೆ ಈ ಹೊಂದಾಣಿಕೆ ಇಡೀ ಜಾತಿಗೆ ಮಾತ್ರವಲ್ಲ, ಬಿಡಿಬಿಡಿಯಾಗಿ ಒಂದೊಂದು ಪ್ರಾಣಿಗೂ ಅನ್ವಯಿಸುತ್ತದೆ. ತನ್ನ ಬೆನ್ನಿನ ಬಣ್ಣ ಹಲ್ಲಿಗೆ ತಿಳಿಯುವುದಾದರೂ ಹೇಗೆ ಎಂಬ ಪ್ರಶ್ನೆಯೇ ಇಲ್ಲಿ ಎಲ್ಲಕ್ಕಿಂತ ಕುತೂಹಲಕರವಾದುದು.

ರಾತ್ರಿಯ ನಿದ್ರೆಗೆ ಬೇರೆಯದೇ ಲೆಕ್ಕಾಚಾರ ಬೇಕು, ಏಕೆಂದರೆ ನಿದ್ರಿಸುವ ಪ್ರಾಣಿ ಶತ್ರುವನ್ನು ಕಂಡು ಓಡಲಾರದು. ಅಮೆರಿಕ ಖಂಡಗಳ ಅನೋಲ್ ಎಂಬ ಮರಹಲ್ಲಿಗಳಲ್ಲಿ ಹಲವು ತೆಳುವಾದ ಕೊಂಬೆಯ ತುದಿಯಲ್ಲೋ ಎಲೆಯ ಮೇಲೋ ಮಲಗುತ್ತವೆ. ಹಾವು ಅತ್ತ ಹರಿದುಬಂದರೆ ಕೊಂಬೆ ಅಲುಗಿ, ಆ ಕಂಪನವೇ ಎಚ್ಚರಿಕೆಯಾಗುತ್ತದೆಂದು ವಿಜ್ಞಾನಿಗಳು ವಿವರಿಸುತ್ತಾರೆ.

ಬಂಡೆಗಳ ಮೇಲೆ ಬಾಳುವ ದಕ್ಷಿಣ ಭಾರತದ ಬಂಡೆ ಓತಿಗೆ ಈ ಅನುಕೂಲವಿಲ್ಲ. ಸಂತಾನಕಾಲದಲ್ಲಿ ಇದರ ಗಂಡು ಕೆಂಪು, ಕಪ್ಪು ಬಣ್ಣಗಳಿಂದ ಎದ್ದುಕಾಣುವುದರಿಂದ ಹಗಲಿನಲ್ಲಿ ಬಣ್ಣದ ಮರೆಯೂ ಅದಕ್ಕೆ ಅಷ್ಟಾಗಿ ಒದಗದು. ಬೆಂಗಳೂರು ಬೆಳೆದಂತೆ ಬಂಡೆಗಳು ಕರಗಿ ಕಟ್ಟಡಗಳು ಎದ್ದ ಕಡೆ ಇವು ರಾತ್ರಿ ಎಲ್ಲಿ ಮಲಗುತ್ತವೆಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಪರಿಶೀಲಿಸಿದ್ದಾರೆ. ನಗರದ ಓತಿಗಳು ಕಾಂಕ್ರೀಟ್ ಇಟ್ಟಿಗೆಗಳಂಥ ಒರಟು ಮೇಲ್ಮೈಯ ತಾಣಗಳನ್ನು ಬಳಸುತ್ತಿದ್ದರೂ, ಆ ತಾಣಗಳ ರಚನೆ, ಬೆಳಕು ಮತ್ತು ಉಷ್ಣತೆ ಹಳ್ಳಿಗಾಡಿನ ಓತಿಗಳು ಮಲಗುವ ಜಾಗಗಳಲ್ಲಿರುವುದನ್ನೇ ಬಹುಮಟ್ಟಿಗೆ ಹೋಲುತ್ತಿದ್ದವು.