ಅಂಕನವೂ ದೇಶಾಂತರವೂ: ಅಮೆರಿಕದ ಬಾಲಾಪರಾಧಿಗಳ ನೋಂದಣಿಯನ್ನು ಕುರಿತು ಒಂದು ವಿಚಾರ

೧

ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಮಹಾಪಾತಕಿಗಳ ಹಣೆಯ ಮೇಲೆ ಗುರುತು ಹಾಕಬೇಕೆಂಬ ವಿಧಿಯೊಂದಿದೆ. ಕಳ್ಳನಿಗೆ ನಾಯಿಯ ಹೆಜ್ಜೆ, ಸುರಾಪಾನಿಗೆ ಹೆಂಡದಂಗಡಿಯ ಧ್ವಜ, ಬ್ರಹ್ಮಹತ್ಯೆ ಮಾಡಿದವನಿಗೆ ತಲೆಯಿಲ್ಲದ ಮನುಷ್ಯನ ಆಕೃತಿ, ಗುರುತಲ್ಪಗಮನ ಮಾಡಿದವನಿಗೆ ಸ್ತ್ರೀಚಿಹ್ನೆ. ಹೀಗೆ ಅಂಕಿತರಾದವರೊಡನೆ ಊಟ, ಯಜ್ಞ, ಪಾಠ, ವಿವಾಹ ಯಾವ ಸಂಬಂಧವೂ ಸಲ್ಲದು. ಅವರು ಬಂಧುಗಳಿಗೂ ಬೇಡವಾಗಿ ಅಲೆಯತಕ್ಕವರು. ಆದರೆ ಅಲ್ಲಿಯೇ, ಎರಡು ಮೂರು ಶ್ಲೋಕಗಳ ತರುವಾಯ, ಇನ್ನೊಂದು ವಿಧಿಯೂ ಇದೆ. ಹೇಳಿದ ಪ್ರಾಯಶ್ಚಿತ್ತವನ್ನು ಮಾಡಿಕೊಂಡವರ ಹಣೆಗೆ ರಾಜನು ಗುರುತು ಹಾಕಿಸಕೂಡದು. ಅವರಿಂದ ದಂಡವನ್ನು ಮಾತ್ರ ವಸೂಲು ಮಾಡಬೇಕು. ಈ ಶಾಸ್ತ್ರದಲ್ಲಿ ವರ್ಣಕ್ಕೆ ತಕ್ಕಂತೆ ದಂಡವು ಬೇರೆಬೇರೆಯಾಗುವುದನ್ನು ಇಂದು ಯಾರೂ ಸಮರ್ಥಿಸಲಾರರು. ಆದರೂ ಅಂಕನಕ್ಕೂ ಪ್ರಾಯಶ್ಚಿತ್ತಕ್ಕೂ ಇಲ್ಲಿ ಕಲ್ಪಿಸಿರುವ ಸಂಬಂಧವು ವಿಚಾರಯೋಗ್ಯವಾಗಿದೆ. ಗುರುತು ಎಂಬುದು ತಪ್ಪಿತಸ್ಥನು ಶುದ್ಧನಾಗಲೊಪ್ಪದಾಗ ಹಾಕುವಂಥದು. ಶುದ್ಧಿಗೆ ದಾರಿಯಿದ್ದಲ್ಲಿ ಗುರುತಿಗೆ ಎಡೆಯಿಲ್ಲ.

ಪ್ರಕೃತ ಲೇಖನದ ವಿಷಯವು ನಮ್ಮ ಕಾಲದ್ದು, ದೂರದ ದೇಶದ್ದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಲೈಂಗಿಕ ಅಪರಾಧ ಮಾಡಿದವರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದಿಟ್ಟು, ಅವರ ವಿಳಾಸ, ಭಾವಚಿತ್ರಗಳನ್ನು ಸಾರ್ವಜನಿಕರಿಗೆ ತಿಳಿಸುವ ಪದ್ಧತಿಯುಂಟು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ತಪ್ಪು ಮಾಡಿದ ಹುಡುಗರೂ ಅನೇಕ ಸಂಸ್ಥಾನಗಳಲ್ಲಿ ಈ ಪಟ್ಟಿಗೆ ಸೇರಿದ್ದಾರೆ. ಇವರಲ್ಲಿ ಕೆಲವರು ಪ್ರಾಯಕ್ಕೆ ಬಂದಮೇಲೆ, ಕಠಿನವಾದ ಕಾಯಿದೆಯುಳ್ಳ ಸಂಸ್ಥಾನವನ್ನು ಬಿಟ್ಟು ಸೌಮ್ಯವಾದ ಕಾಯಿದೆಯುಳ್ಳ ಕಡೆಗೆ ಹೋಗಿ ನೆಲಸಲು ಯತ್ನಿಸುತ್ತಾರೆ. ಊರು ಬಿಟ್ಟರೆ ಗುರುತು ಅಳಿಯುತ್ತದೆಯೇ? ಅಳಿಯದಿದ್ದರೆ ಅದರಿಂದ ಹಿತವಾಗುವುದು ಯಾರಿಗೆ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ಪರ್ಯಾಲೋಚಿಸಬೇಕಾಗಿದೆ.

೨

ಮೊದಲು ಈ ಶಾಸನಗಳ ಚರಿತ್ರೆಯನ್ನು ಸಂಕ್ಷೇಪವಾಗಿ ತಿಳಿಯುವುದು ಅವಶ್ಯ. ಲೈಂಗಿಕ ಅಪರಾಧಿಗಳ ನೋಂದಣಿಯನ್ನು ಇಡೀ ಸಂಸ್ಥಾನಕ್ಕೆ ಅನ್ವಯಿಸುವಂತೆ ಮೊದಲು ಜಾರಿಗೆ ತಂದದ್ದು ಕ್ಯಾಲಿಫೋರ್ನಿಯ, ೧೯೪೭ರಲ್ಲಿ. ಆಗ ಆ ಪಟ್ಟಿಯು ಪೊಲೀಸರ ಕೈಯಲ್ಲಿ ಮಾತ್ರ ಇರುತ್ತಿತ್ತು. ಅದನ್ನು ಜನರಿಗೆ ತಿಳಿಸುವ ಕ್ರಮವು ೧೯೯೦ರಲ್ಲಿ ವಾಷಿಂಗ್‌ಟನ್ ಸಂಸ್ಥಾನದ ಶಾಸನದಿಂದ ಆರಂಭವಾಯಿತು. ೧೯೮೯ರಲ್ಲಿ ಮಿನ್ನೆಸೋಟದಲ್ಲಿ ಜೇಕಬ್ ವೆಟರ್ಲಿಂಗ್ ಎಂಬ ಹನ್ನೊಂದು ವರ್ಷದ ಬಾಲಕನು ಅಪಹೃತನಾದನು. ಅವನ ಹೆಸರಿನ ಕೇಂದ್ರ ಶಾಸನವು ೧೯೯೪ರಲ್ಲಿ ಎಲ್ಲ ಸಂಸ್ಥಾನಗಳೂ ನೋಂದಣಿಯನ್ನು ಏರ್ಪಡಿಸಬೇಕೆಂದು ವಿಧಿಸಿತು. ಅದೇ ವರ್ಷ ನ್ಯೂ ಜೆರ್ಸಿಯಲ್ಲಿ ಮೇಗನ್ ಕಾಂಕ ಎಂಬ ಏಳು ವರ್ಷದ ಬಾಲಿಕೆಯು ನೆರೆಮನೆಯವನಿಂದ ಹತಳಾದಳು. ಅವಳ ಹೆಸರಿನ ಕೇಂದ್ರ ಶಾಸನವು ೧೯೯೬ರಲ್ಲಿ ಈ ಮಾಹಿತಿಯನ್ನು ಸಾರ್ವಜನಿಕರಿಗೆ ತಿಳಿಸುವುದನ್ನು ಕಡ್ಡಾಯ ಮಾಡಿತು. ೨೦೦೬ರ ಆಡಂ ವಾಲ್ಶ್ ಶಾಸನವು ಅಪರಾಧಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ, ಕ್ರಮವಾಗಿ ೧೫ ವರ್ಷ, ೨೫ ವರ್ಷ, ಆಜೀವ ಎಂದು ನೋಂದಣಿಯ ಅವಧಿಯನ್ನು ಗೊತ್ತುಮಾಡಿತು. ಅಪರಾಧದ ಕಾಲಕ್ಕೆ ೧೪ ವರ್ಷ ತುಂಬಿದ್ದು, ಅತಿ ಘೋರವಾದ ಕೃತ್ಯಕ್ಕಾಗಿ ಬಾಲನ್ಯಾಯಾಲಯದಲ್ಲಿ ತಪ್ಪಿತಸ್ಥರೆಂದು ಕಂಡುಬಂದವರನ್ನೂ ಅದು ತನ್ನ ವ್ಯಾಪ್ತಿಗೆ ಎಳೆದುಕೊಂಡಿತು. ಇದು ಕೇಂದ್ರವು ವಿಧಿಸಿದ ಕನಿಷ್ಠ ಕ್ರಮ. ಅನೇಕ ಸಂಸ್ಥಾನಗಳು ಅದಕ್ಕೂ ಮುಂದೆ ಹೋಗಿ, ಇನ್ನೂ ಚಿಕ್ಕ ವಯಸ್ಸಿನವರನ್ನೂ ಇನ್ನೂ ಸಣ್ಣ ತಪ್ಪುಗಳನ್ನೂ ಸೇರಿಸಿದುವು. ಬೇರೆ ಕೆಲವು ಬಾಲಕರನ್ನು ಪಟ್ಟಿಗೆ ಸೇರಿಸಲೇ ಇಲ್ಲ.

ಈ ಶಾಸನಗಳ ಹಿಂದೆ ಮಕ್ಕಳನ್ನು ಕಳೆದುಕೊಂಡ ತಾಯಿತಂದೆಗಳ ದುಃಖವಿದೆ ಎಂಬುದನ್ನು ಮರೆಯಲಾಗದು. ಮಗುವಿನ ಮೇಲೆ ನಡೆದ ಅತ್ಯಾಚಾರವು ಹುಡುಗನಿಂದ ನಡೆದರೂ ಅದರ ಗಾಯವು ಚಿಕ್ಕದಾಗುವುದಿಲ್ಲ. ೨೦೦೯ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅಪ್ರಾಪ್ತವಯಸ್ಕರ ಮೇಲೆ ಲೈಂಗಿಕ ಅಪರಾಧ ಮಾಡಿದರೆಂದು ಆ ದೇಶದ ಪೊಲೀಸರಿಗೆ ತಿಳಿದುಬಂದವರಲ್ಲಿ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚಿನವರು ತಾವೂ ಅಪ್ರಾಪ್ತವಯಸ್ಕರೇ. ಆದುದರಿಂದ ಈ ವಿಷಯವನ್ನು ಹಗುರವಾಗಿ ಕಾಣುವಂತಿಲ್ಲ. ಪ್ರಶ್ನೆಯಿರುವುದು ಅಪರಾಧದ ಗುರುತ್ವದಲ್ಲಲ್ಲ, ಆರಿಸಿಕೊಂಡ ಉಪಾಯದಲ್ಲಿ.

೩

ಸಂಸ್ಥಾನದಿಂದ ಸಂಸ್ಥಾನಕ್ಕೆ ಕಾಯಿದೆಯು ಬೇರೆಯಾಗಿರುವಲ್ಲಿ, ಪಟ್ಟಿಗೆ ಸೇರಿದವನು ಗಡಿಯಾಚೆಗೆ ಕಣ್ಣು ಹಾಯಿಸುವುದು ಸ್ವಾಭಾವಿಕ. ಕೆಲವು ಊರುಗಳಲ್ಲಿ ನೋಂದಣಿಯೊಡನೆ ವಾಸನಿರ್ಬಂಧವೂ ಸೇರಿದೆ. ಫ್ಲಾರಿಡದ ಮಯಾಮಿ ಪ್ರಾಂತದಲ್ಲಿ ಪಾಠಶಾಲೆಗಳಿಂದ ೨,೫೦೦ ಅಡಿಗಳೊಳಗೆ ಇಂಥವರು ವಾಸಿಸಕೂಡದೆಂದು ನಿಯಮವಾದುದರ ಫಲವಾಗಿ, ನಿಲ್ಲಲು ನೆಲೆಯಿಲ್ಲದವರು ಸಮುದ್ರದ ಮೇಲಿನ ಜೂಲಿಯ ಟಟ್‌ಲ್ ಸೇತುವೆಯ ಅಡಿಯಲ್ಲಿ ಗುಡಾರಗಳನ್ನು ಹಾಕಿಕೊಂಡು ೨೦೧೦ರವರೆಗೂ ಇದ್ದರು. ಇಂಥ ಸ್ಥಿತಿಯನ್ನು ಕಂಡವನಿಗೆ ಊರು ಬಿಡುವುದೇ ಪರಿಹಾರವೆಂದು ತೋರಿದರೆ ಆಶ್ಚರ್ಯವೇನು?

ಆದರೆ ಕಾಯಿದೆಯು ಅಂಟಿಕೊಂಡಿರುವುದು ನೆಲಕ್ಕಲ್ಲ, ಮನುಷ್ಯನಿಗೆ. ೨೦೦೬ರ ಶಾಸನದ ಪ್ರಕಾರ, ವಾಸಿಸುವ, ಕೆಲಸ ಮಾಡುವ, ಓದುವ ಪ್ರತಿಯೊಂದು ಸಂಸ್ಥಾನದಲ್ಲಿಯೂ ಅವನು ಹೆಸರು ಬರೆಸಬೇಕು. ಇವುಗಳಲ್ಲಿ ಯಾವುದು ಬದಲಾದರೂ ಮೂರು ಕೆಲಸದ ದಿನಗಳೊಳಗೆ ಸ್ವತಃ ಹೋಗಿ ತಿಳಿಸಬೇಕು. ಗಡಿ ದಾಟಿ ಹೋಗಿ ತಿಳಿದೂ ನೋಂದಾಯಿಸಿಕೊಳ್ಳದಿದ್ದರೆ ಹತ್ತು ವರ್ಷಗಳವರೆಗೆ ಸೆರೆವಾಸವಾಗಬಹುದು. ಬಿಟ್ಟು ಬಂದ ಕಡೆಯ ಗುರುತೂ ಅಳಿಯುವುದೆಂದು ಹೇಳಲಾಗದು: ಫ್ಲಾರಿಡವು ಸಂಸ್ಥಾನವನ್ನು ಬಿಟ್ಟುಹೋದವರ ಹೆಸರನ್ನೂ ತನ್ನ ಪಟ್ಟಿಯಲ್ಲಿ ಉಳಿಸಿಕೊಳ್ಳುತ್ತದೆ. ಸಂಸ್ಥಾನಗಳ ಪಟ್ಟಿಗಳೆಲ್ಲವನ್ನೂ ಒಂದೆಡೆ ಹುಡುಕಲು ಕೇಂದ್ರ ಸರ್ಕಾರವು ಏರ್ಪಾಡು ಮಾಡಿದೆ. ಹೀಗೆ ಸೌಮ್ಯವಾದ ಕಾಯಿದೆಯ ಆಸೆಯಿಂದ ಹೊರಟವನು ಎರಡು ಕಾಯಿದೆಗಳ ನಡುವೆ ಸಿಕ್ಕಿ, ಹೊಸ ಅಪರಾಧವನ್ನೇನೂ ಮಾಡದೆ, ತಿಳಿಸಬೇಕಾದುದನ್ನು ತಿಳಿಸಲಿಲ್ಲವೆಂಬ ಕಾರಣದಿಂದಲೇ ಅಪರಾಧಿಯಾಗುವ ಸಂಭವವುಂಟು.

ತಿಳಿಯದೆ ತಪ್ಪಿದವನಿಗೂ ಶಿಕ್ಷೆಯೇ? ಈ ಪ್ರಶ್ನೆ ಅಲ್ಲಿಯ ಸುಪ್ರೀಂ ಕೋರ್ಟಿನ ಮುಂದೆ ೧೯೫೭ರಲ್ಲಿಯೇ ಬಂದಿತ್ತು. ಹಿಂದೆ ಶಿಕ್ಷೆಯಾದವರು ಐದು ದಿನಗಳಿಗಿಂತ ಹೆಚ್ಚಾಗಿ ನಗರದಲ್ಲಿದ್ದರೆ ಪೊಲೀಸರಲ್ಲಿ ಹೆಸರು ಬರೆಸಬೇಕೆಂದು ಲಾಸ್ ಏಂಜಲಿಸ್ ನಗರದ ನಿಯಮವಿತ್ತು. ಅಂಥ ಕರ್ತವ್ಯವಿದೆಯೆಂಬ ಅರಿವಾಗಲಿ, ಅರಿಯುವ ಸಂಭವವಾಗಲಿ ಇಲ್ಲದವರನ್ನು ಸುಮ್ಮನಿದ್ದುದಕ್ಕಾಗಿ ದಂಡಿಸಲಾಗದೆಂದು ಲ್ಯಾಂಬರ್ಟ್ ಮೊಕದ್ದಮೆಯಲ್ಲಿ ನ್ಯಾಯಸ್ಥಾನವು ತೀರ್ಪಿತ್ತಿತು. ದೇಶವನ್ನೇ ಬಿಟ್ಟುಹೋದವರ ವಿಚಾರವು ೨೦೧೬ರಲ್ಲಿ ನಿಕಲ್ಸ್ ಮೊಕದ್ದಮೆಯಲ್ಲಿ ಬಂತು. ಕ್ಯಾನ್ಸಸ್ ಸಂಸ್ಥಾನದಿಂದ ಫಿಲಿಪೈನ್ಸ್‌ಗೆ ಹೋದ ಪ್ರಾಪ್ತವಯಸ್ಕನೊಬ್ಬನು ಬಿಟ್ಟ ಸಂಸ್ಥಾನಕ್ಕೆ ತಿಳಿಸಬೇಕೆಂದು ಅಂದಿನ ಕೇಂದ್ರ ಶಾಸನವು ಹೇಳಿರಲಿಲ್ಲವೆಂದು ತೀರ್ಮಾನವಾಯಿತು. ಆದರೆ ಆ ತೀರ್ಪು ಹೊರಬೀಳುವುದಕ್ಕೆ ಮೊದಲೇ, ಅದೇ ವರ್ಷದ ಫೆಬ್ರವರಿಯಲ್ಲಿ, ಹೊಸ ಶಾಸನವೊಂದು ಆ ಸಂದನ್ನು ಮುಚ್ಚಿಬಿಟ್ಟಿತ್ತು. ಅದರಂತೆ ವಿದೇಶಪ್ರಯಾಣವನ್ನು ಮುಂಚೆಯೇ ತಿಳಿಸಬೇಕು. ಮಕ್ಕಳ ಮೇಲಿನ ಅಪರಾಧಕ್ಕಾಗಿ ನೋಂದಣಿಯಲ್ಲಿರುವವರ ಪಾಸ್‌ಪೋರ್ಟಿನಲ್ಲಿ ಗುರುತಿನ ಒಕ್ಕಣೆಯನ್ನು ಅಚ್ಚು ಹಾಕಬೇಕು. ಹಣೆಯ ಮೇಲಿದ್ದ ಅಂಕವು ಈಗ ರಹದಾರಿಯ ಮೇಲೆ ಬಂದು ಕುಳಿತಿದೆ.

೪

ಇನ್ನು ಈ ಗುರುತಿನ ಫಲವನ್ನು ವಿಚಾರಿಸೋಣ. ೨೦೦೩ರಲ್ಲಿ ಅಲಾಸ್ಕ ಸಂಸ್ಥಾನದ ಕಾಯಿದೆಯನ್ನು ಕುರಿತು ತೀರ್ಪು ಕೊಡುತ್ತ ಸುಪ್ರೀಂ ಕೋರ್ಟು, ನೋಂದಣಿಯು ಶಿಕ್ಷೆಯಲ್ಲ, ಸಾರ್ವಜನಿಕ ರಕ್ಷಣೆಯ ವ್ಯವಸ್ಥೆ ಮಾತ್ರ ಎಂದಿತು. ಇಂಥವರು ಮರಳಿ ಅಪರಾಧ ಮಾಡುವ ಪ್ರಮಾಣವು ಬಹಳ ಹೆಚ್ಚೆಂಬ ನಂಬಿಕೆಯು ಅದಕ್ಕೆ ಒಂದು ಆಧಾರ. ಬಾಲಕರ ಮಟ್ಟಿಗಂತೂ ಈ ನಂಬಿಕೆಗೆ ಪ್ರಮಾಣವಿಲ್ಲ. ಮೈಕೇಲ್ ಕಾಲ್ಡ್‌ವೆಲ್ ಎಂಬ ವಿದ್ವಾಂಸರು ೨೦೧೬ರಲ್ಲಿ ೩೩,೭೮೩ ಬಾಲಾಪರಾಧಿಗಳ ವೃತ್ತಾಂತವನ್ನೊಳಗೊಂಡ ೧೦೬ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮತ್ತೆ ಲೈಂಗಿಕ ಅಪರಾಧ ಮಾಡಿದವರು ನೂರಕ್ಕೆ ಐದಕ್ಕಿಂತ ಕಡಮೆ. ಈಚಿನ ಅಧ್ಯಯನಗಳಲ್ಲಿ ನೂರಕ್ಕೆ ಮೂರಕ್ಕಿಂತಲೂ ಕಡಮೆ. ದಕ್ಷಿಣ ಕೆರೊಲೈನದಲ್ಲಿ ಎಲಿಜಬೆತ್ ಲೆಟೂರ್ನೊ ಅವರೂ ಸಹೋದ್ಯೋಗಿಗಳೂ ಮಾಡಿದ ಸಂಶೋಧನೆಗಳಿಂದ, ನೋಂದಣಿಯು ಬಾಲಕರ ಪುನರಪರಾಧವನ್ನು ಕಡಮೆ ಮಾಡಿದಂತೆ ಕಂಡುಬರಲಿಲ್ಲ. ಅವರೇ ೨೦೧೮ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ನೋಂದಣಿಗೆ ಒಳಗಾದ ಹುಡುಗರಲ್ಲಿ ಆತ್ಮಹತ್ಯೆಗೆ ಯತ್ನಿಸಿದೆವೆಂದವರ ಪ್ರಮಾಣವು, ಅಂಥದೇ ಚಿಕಿತ್ಸೆಯಲ್ಲಿದ್ದು ನೋಂದಣಿಯಾಗದವರಿಗಿಂತ ನಾಲ್ಕು ಪಟ್ಟು ಇತ್ತು.

ಅಪಾಯವು ಹೊರಗಿನಿಂದಲೂ ಬರುತ್ತದೆ. ೨೦೦೬ರ ಏಪ್ರಿಲಿನಲ್ಲಿ ಮೇನ್ ಸಂಸ್ಥಾನದಲ್ಲಿ, ಸಾರ್ವಜನಿಕ ಪಟ್ಟಿಯಿಂದ ವಿಳಾಸಗಳನ್ನು ತಿಳಿದುಕೊಂಡ ಕೆನಡದ ಯುವಕನೊಬ್ಬನು ಇಬ್ಬರನ್ನು ಅವರವರ ಮನೆಯಲ್ಲಿಯೇ ಗುಂಡಿಟ್ಟು ಕೊಂದನು. ಅವರಲ್ಲೊಬ್ಬನು ಪಟ್ಟಿಗೆ ಸೇರಿದ್ದು, ಹತ್ತೊಂಬತ್ತರ ವಯಸ್ಸಿನಲ್ಲಿ ಹದಿನಾರು ತುಂಬಲು ಕೆಲವೇ ದಿನಗಳಿದ್ದ ತನ್ನ ಗೆಳತಿಯ ಸಂಗ ಮಾಡಿದ್ದಕ್ಕೆ. ಪಟ್ಟಿಯು ಓದುವವನಿಗೆ ಹೆಸರನ್ನೂ ಅಪರಾಧದ ನಾಮಧೇಯವನ್ನೂ ತಿಳಿಸುತ್ತದೆ; ತಾರತಮ್ಯವನ್ನು ತಿಳಿಸುವುದಿಲ್ಲ.

ಇದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ಬಾಲಕರು ಮಾಡುವ ಇಂಥ ಕೃತ್ಯಗಳಲ್ಲಿ ಅನೇಕವು ಮನೆಯೊಳಗೆ, ಬಂಧುಗಳ ನಡುವೆ ನಡೆಯುವಂಥವು. ನೊಂದ ಮಗುವೂ ತಪ್ಪಿದ ಹುಡುಗನೂ ಒಬ್ಬಳೇ ತಾಯಿಯ ಮಕ್ಕಳಾಗಿರಬಹುದು. ದೂರು ಕೊಟ್ಟರೆ ಮಗನ ಹೆಸರು ಬಾಳಿನುದ್ದಕ್ಕೂ ಪಟ್ಟಿಯಲ್ಲಿ ನಿಲ್ಲುವುದೆಂದು ತಿಳಿದ ತಾಯಿಯು ಬಾಯಿ ಮುಚ್ಚಿಕೊಂಡರೆ, ನೊಂದ ಮಗುವಿಗೆ ರಕ್ಷಣೆಯೂ ಇಲ್ಲ, ಚಿಕಿತ್ಸೆಯೂ ಇಲ್ಲ. ದಕ್ಷಿಣ ಕೆರೊಲೈನದಲ್ಲಿ ನೋಂದಣಿ ಬಂದಮೇಲೆ ಬಾಲಕರ ಮೇಲಿನ ಲೈಂಗಿಕ ಆರೋಪಗಳನ್ನು ಒಪ್ಪಂದದಿಂದ ಬೇರೆ ಬಗೆಯ ಆರೋಪಗಳಾಗಿ ಮಾರ್ಪಡಿಸುವುದು ಹೆಚ್ಚಾಯಿತೆಂದು ಅದೇ ಸಂಶೋಧಕರು ಕಂಡುಕೊಂಡರು. ಅತಿಯಾದ ಕಾಠಿನ್ಯವು ಸತ್ಯವನ್ನೇ ಮರೆಮಾಡಿತು. ಜೇಕಬನ ತಾಯಿ ಪ್ಯಾಟಿ ವೆಟರ್ಲಿಂಗ್ ಅವರೇ, ತಮ್ಮ ಮಗನ ಹೆಸರಿನಿಂದ ಬೆಳೆದ ಈ ವ್ಯವಸ್ಥೆಯು ಬಾಲಕರನ್ನೂ ಒಳಗೊಂಡು ಮಿತಿಮೀರಿತೆಂದು ಬಹಿರಂಗವಾಗಿ ಹೇಳಿದ್ದಾರೆ. ಈ ಮಾತಿಗಿರುವ ತೂಕವು ಬೇರೆ ಯಾರ ಮಾತಿಗೂ ಬಾರದು.

೫

ಹಾಗಾದರೆ ದಾರಿ ಯಾವುದು? ಇಂಗ್ಲೆಂಡಿನಲ್ಲಿ ಈ ಪಟ್ಟಿಯು ಸಾರ್ವಜನಿಕವಲ್ಲ. ೨೦೦೩ರ ಲೈಂಗಿಕ ಅಪರಾಧಗಳ ಶಾಸನವು ಹದಿನೆಂಟು ತುಂಬದವರಿಗೆ ನೋಂದಣಿಯ ಅವಧಿಯನ್ನು ಅರ್ಧಕ್ಕೆ ಇಳಿಸುತ್ತದೆ. ಆದರೆ ೩೦ ತಿಂಗಳು ಅಥವಾ ಅದಕ್ಕೆ ಮೇಲ್ಪಟ್ಟ ಬಂಧನವಾದವರಿಗೆ ಅವಧಿಗೆ ಕೊನೆಯೇ ಇಲ್ಲ. ಕೊನೆಯಿಲ್ಲದುದಕ್ಕೆ ಅರ್ಧವೂ ಇಲ್ಲ. ಹನ್ನೊಂದರ ವಯಸ್ಸಿನಲ್ಲಿ ಘೋರಕೃತ್ಯ ಮಾಡಿ ಈ ಬಲೆಯಲ್ಲಿ ಸಿಕ್ಕಿದ ಹುಡುಗನೊಬ್ಬನ ಮೊಕದ್ದಮೆಯಲ್ಲಿ, ಪುನರ್ವಿಮರ್ಶೆಗೆ ಅವಕಾಶವಿಲ್ಲದ ಆಜೀವ ನೋಂದಣಿಯು ಮಾನವಹಕ್ಕುಗಳಿಗೆ ಹೊಂದದೆಂದು ಅಲ್ಲಿಯ ಸುಪ್ರೀಂ ಕೋರ್ಟು ೨೦೧೦ರಲ್ಲಿ ಸಾರಿತು. ೨೦೧೨ರಿಂದ ಬಾಲಾಪರಾಧಿಗಳು ಎಂಟು ವರ್ಷಗಳ ಬಳಿಕ, ಇತರರು ಹದಿನೈದು ವರ್ಷಗಳ ಬಳಿಕ ಪುನರ್ವಿಮರ್ಶೆಯನ್ನು ಕೇಳಬಹುದಾಗಿದೆ.

ಅಮೆರಿಕದಲ್ಲಿಯೂ ಈ ವಿವೇಕವು ಮೆಲ್ಲಮೆಲ್ಲನೆ ಮೂಡುತ್ತಿದೆ. ಬಾಲನ್ಯಾಯದ ಕಟ್ಟಿನೊಳಗಿರುವವರಿಗೆ ವಿಚಾರಣೆಯಿಲ್ಲದೆ ತಾನಾಗಿಯೇ ಹತ್ತುವ ಆಜೀವ ನೋಂದಣಿಯು ರಾಜ್ಯಾಂಗಕ್ಕೆ ವಿರುದ್ಧವೆಂದು ಓಹಿಯೊದ ಪರಮೋಚ್ಚ ನ್ಯಾಯಸ್ಥಾನವು ೨೦೧೨ರಲ್ಲಿ, ಅದೇ ಹಾದಿಯಲ್ಲಿ ಪೆನ್ಸಿಲ್ವೇನಿಯ ೨೦೧೪ರಲ್ಲಿ, ನ್ಯೂ ಜೆರ್ಸಿ ೨೦೧೮ರಲ್ಲಿ ತೀರ್ಮಾನಿಸಿದುವು. ಮೊದಲು ಪಟ್ಟಿಯನ್ನು ತೆರೆದ ಕ್ಯಾಲಿಫೋರ್ನಿಯವೇ ೨೦೨೧ರಿಂದ ಬಾಲಾಪರಾಧಿಗಳಿಗೆ ಐದು ಅಥವಾ ಹತ್ತು ವರ್ಷಗಳ ಕನಿಷ್ಠ ಅವಧಿಯನ್ನು ಇಟ್ಟು, ಅನಂತರ ಬಿಡುಗಡೆಯನ್ನು ಬೇಡಲು ಅವಕಾಶ ಕೊಟ್ಟಿದೆ. ಇದ್ದ ಊರಿನಲ್ಲಿಯೇ ಬಾಗಿಲು ತೆರೆದರೆ ಊರು ಬಿಡುವ ಅವಶ್ಯಕತೆಯು ಬಾರದು.

ಈ ವಿಷಯವು ನಮಗೆ ತೀರ ಅಪರಿಚಿತವೆಂದೂ ಹೇಳಲಾಗದು. ೧೮೭೧ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಕೆಲವು ಜನಾಂಗಗಳನ್ನು ಹುಟ್ಟಿನಿಂದಲೇ ರಿಜಿಸ್ಟರಿಗೆ ಸೇರಿಸಿ, ರಹದಾರಿಯಿಲ್ಲದೆ ಊರು ಬಿಟ್ಟರೆ ದಂಡಿಸುತ್ತಿತ್ತು. ನಮ್ಮ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಅಂಥವರನ್ನು ಇರಿಸಿದ ವಸಾಹತುಗಳಿದ್ದುವು. ಆ ಕಾಯಿದೆಯು ೧೯೫೨ರಲ್ಲಿ ರದ್ದಾಯಿತು. ಅದರ ಕಳಂಕವು ಇನ್ನೂ ಪೂರ್ತಿಯಾಗಿ ತೊಳೆದುಹೋಗಿಲ್ಲ. ತಪ್ಪನ್ನೇ ಮಾಡದವರನ್ನು ಪಟ್ಟಿಗೆ ಸೇರಿಸಿದ ಅನ್ಯಾಯವೂ ತಪ್ಪು ಮಾಡಿದ ಬಾಲಕನನ್ನು ಸೇರಿಸುವುದೂ ಒಂದೇ ಅಲ್ಲ. ಆದರೆ ಒಮ್ಮೆ ಬರೆದ ಹೆಸರನ್ನು ಅಳಿಸುವುದು ಎಷ್ಟು ಕಷ್ಟವೆಂಬುದಕ್ಕೆ ಆ ಚರಿತ್ರೆಯು ಸಾಕ್ಷಿಯಾಗಿದೆ. ಭಾರತದಲ್ಲಿಯೂ ೨೦೧೮ರಲ್ಲಿ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದಾಖಲೆಯು ಆರಂಭವಾಯಿತು. ಅದು ಪೊಲೀಸು ಮೊದಲಾದ ಅಧಿಕಾರಿಗಳಿಗೆ ಮಾತ್ರ ತೆರೆದಿದೆ. ೨೦೧೫ರ ಬಾಲನ್ಯಾಯದ ಕಾಯಿದೆಯು ಬಾಲಕನ ಗುರುತನ್ನು ಬಹಿರಂಗಪಡಿಸುವುದನ್ನು ನಿಷೇಧಿಸಿ, ಪ್ರಾಪ್ತವಯಸ್ಕನಂತೆ ವಿಚಾರಿತರಾದ ಹದಿನಾರು ಮೀರಿದವರ ಹೊರತು ಉಳಿದವರ ದಾಖಲೆಯನ್ನು ಗೊತ್ತಾದ ಕಾಲದ ಮೇಲೆ ನಾಶಮಾಡಬೇಕೆನ್ನುತ್ತದೆ. ಕಟುವಾದ ಘಟನೆ ನಡೆದಾಗಲೆಲ್ಲ ಸಾರ್ವಜನಿಕ ಪಟ್ಟಿಯು ಬೇಕೆಂಬ ಕೂಗು ನಮ್ಮಲ್ಲಿಯೂ ಏಳುತ್ತದೆ. ಆಗ ಅಮೆರಿಕದ ಈ ಅನುಭವವನ್ನು ನೆನೆಯುವುದು ಒಳ್ಳೆಯದು.

ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ, ಹದಿನಾರು ತುಂಬದ ಬಾಲನಿಗೆ ಅರ್ಧ ಪ್ರಾಯಶ್ಚಿತ್ತವೆಂಬ ಸ್ಮೃತಿವಚನವನ್ನು ಎತ್ತಿಕೊಂಡಿದ್ದಾನೆ. ಬಾಲನಿಗೆ ಪ್ರಾಯಶ್ಚಿತ್ತವೇ ಇಲ್ಲವೆಂದು ಅವನು ಹೇಳಲಿಲ್ಲ, ತಪ್ಪು ತಪ್ಪೇ. ಆದರೆ ಅರ್ಧವೆಂದಮೇಲೆ ಅದಕ್ಕೊಂದು ಅಳತೆಯುಂಟು, ಅಳತೆಯಿದ್ದಲ್ಲಿ ಕೊನೆಯೂ ಉಂಟು. ಕೊನೆಯಿಲ್ಲದ ಗುರುತನ್ನು ಹೊತ್ತವನಿಗೆ ಉಳಿಯುವ ಪ್ರಾಯಶ್ಚಿತ್ತವು ದೇಶಾಂತರವೊಂದೇ; ಅದರಿಂದ ಅವನೂ ಶುದ್ಧನಾಗುವುದಿಲ್ಲ, ನೊಂದ ಮಗುವಿಗೂ ನೆಮ್ಮದಿಯಿಲ್ಲ, ಅವನು ಹೋಗಿ ಸೇರಿದ ಊರಿಗೂ ರಕ್ಷಣೆಯಿಲ್ಲ.