ಮೊಸಳೆ ಸುಳ್ಳು, ಗುಂಡಿ ನಿಜ

2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಗೆ ಮೊಸಳೆ ಬಂತು. ನಡುರಸ್ತೆಯಲ್ಲೇ ದೊಡ್ಡ ಗುಂಡಿ ಬಿದ್ದು ನೀರು ನಿಂತಿತ್ತು. ಕಲಾವಿದ ಬಾದಲ್ ನಂಜುಂಡಸ್ವಾಮಿ ಅದಕ್ಕೆ ಬಣ್ಣ ಬಳಿದು ಕೊಳದ ರೂಪ ಕೊಟ್ಟರು. ಕೈಯಾರೆ ಮಾಡಿದ, ಸುಮಾರು 20 ಕೆ.ಜಿ. ತೂಕದ ಮೊಸಳೆಯನ್ನು ತಂದು ಅದರಲ್ಲಿ ಮಲಗಿಸಿದರು. ಜನ ಮುತ್ತಿಕೊಂಡರು, ಫೋಟೊಗಳು ಊರೂರು ಸುತ್ತಿದವು, ಪಾಲಿಕೆ ಎಚ್ಚೆತ್ತು ಗುಂಡಿ ಮುಚ್ಚಿತು.

ಇನ್‌ಸ್ಟಲೇಷನ್ ಕಲೆ ಎಂದರೇನು ಎಂದು ಕೇಳುವವರಿಗೆ ಇದಕ್ಕಿಂತ ಸುಲಭದ ಉತ್ತರವಿಲ್ಲ. ಇಲ್ಲಿ ಜಾಗವೂ ಕೃತಿಯ ಭಾಗ. ಅದೇ ಮೊಸಳೆಯನ್ನು ಗ್ಯಾಲರಿಯೊಳಗೆ ಇಟ್ಟಿದ್ದರೆ ಅದು ಬರೀ ಗೊಂಬೆ. ಕೆರೆಗಳನ್ನು ಕಳೆದುಕೊಂಡ ಊರಿನ ರಸ್ತೆಯಲ್ಲಿ ಮಲಗಿದ್ದರಿಂದಲೇ ಅದಕ್ಕೆ ಜೀವ ಬಂತು.

ಪ್ರಕೃತಿಯನ್ನು ನಾವು ಎಷ್ಟು ಕೃತಕವಾಗಿ ಬಾಳಿಗೆ ಅಳವಡಿಸಿಕೊಂಡಿದ್ದೇವೆ ಎಂಬುದನ್ನು ತೋರಿಸಲು ಕಲಾವಿದರು ಕೆಲವೊಮ್ಮೆ ಪ್ರಕೃತಿಯನ್ನೇ ತಯಾರಿಸುತ್ತಾರೆ. 2003ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಒಲಾಫುರ್ ಎಲಿಯಾಸನ್ ಸೂರ್ಯನನ್ನೇ ಕಟ್ಟಿದರು. ಹಳದಿ ದೀಪಗಳ ಅರ್ಧಚಕ್ರ. ಚಾವಣಿಯ ಕನ್ನಡಿಯಲ್ಲಿ ಅದು ಪೂರ್ಣ ಬಿಂಬವಾಗುತ್ತಿತ್ತು, ಸುತ್ತ ತೆಳುವಾದ ಮಂಜು. ಜನ ನೆಲದ ಮೇಲೆ ಅಂಗಾತ ಮಲಗಿ ಆ 'ಬಿಸಿಲು' ಕಾಯಿಸಿಕೊಂಡರು. ಇದೇ ಕಲಾವಿದ 2015ರ ಡಿಸೆಂಬರ್‌ನಲ್ಲಿ ಹವಾಮಾನ ಶೃಂಗಸಭೆಯ ಹೊತ್ತಿಗೆ ಗ್ರೀನ್‌ಲ್ಯಾಂಡ್‌ನಿಂದ 12 ಹಿಮಬಂಡೆಗಳನ್ನು ಪ್ಯಾರಿಸ್ಸಿಗೆ ತರಿಸಿ, ಚೌಕದಲ್ಲಿ ಕರಗಲು ಬಿಟ್ಟರು.

ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರ ದಾರಿ ಬೇರೆ. ಸಗಣಿ, ಕುಂಕುಮ, ಕೂದಲು ಅವರ ಸಾಮಗ್ರಿ. 2009ರ ವೆನಿಸ್ ಬಿಯನಾಲೆ ಕಲಾಪ್ರದರ್ಶನದಲ್ಲಿ ಅವರು ಸುಮಾರು 4 ಸಾವಿರ ಮೀಟರ್ ಉದ್ದದ ಕೂದಲಿನ ಹಗ್ಗವನ್ನು ಗೋಡೆಯುದ್ದಕ್ಕೂ ಇಳಿಬಿಟ್ಟು, ನಡುನಡುವೆ ಕಾರುಗಳ ಬಂಪರ್‌ಗಳನ್ನು ಕಟ್ಟಿದರು. ದೃಷ್ಟಿ ತಾಗದಿರಲಿ ಎಂದು ಗಾಡಿಗೆ ಕೂದಲಿನ ಹಗ್ಗ ಕಟ್ಟುವ ನಮ್ಮ ರೂಢಿಯಿಂದ ಹುಟ್ಟಿದ ಕೃತಿ ಅದು. ಉಕ್ಕಿನ ಯಂತ್ರವನ್ನು ಕಾಯಲು ದೇಹದ ಒಂದು ಎಳೆ ಬೇಕಾಗುತ್ತದಲ್ಲ, ಅದನ್ನು ಇಷ್ಟು ಮುಟ್ಟುವಂತೆ ಹೇಳಿದ ಕೃತಿ ಕಡಿಮೆ.

ಬೀದರ್ ಸೀಮೆಯ ಮೈಲೂರು, ಭಾಲ್ಕಿ, ಔರಾದಿನ ಓದುಗರಿಗೆ ಇದೆಲ್ಲ ದೂರದ ಮಾತು ಅನ್ನಿಸಬೇಕಿಲ್ಲ. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ನುಣುಪಾದ ಕಪ್ಪು ಕಲ್ಲಿಗೆ ಮುತ್ತಿನ ಚಿಪ್ಪು ಕೂರಿಸಿ ಬಿಡಿಸಿದ ಬಳ್ಳಿಗಳು ಎಂದೂ ಬಾಡವು. ಬಿದ್ರಿ ಹೂಜಿಯ ಮೇಲಿನ ಬೆಳ್ಳಿಯ ಹೂವೂ ಹಾಗೆಯೇ. ಆದರೆ ಆ ಹೂವು ಎದ್ದು ಕಾಣಲು ನೆಲದ ಹಂಗು ಬೇಕು. ಹೂಜಿಯ ಸತು–ತಾಮ್ರದ ಮೇಲ್ಮೈ ಕಪ್ಪಾಗುವುದು ಕೋಟೆಯ ಹಳೇ ಗೋಡೆಗಳ ಬುಡದ, ಬಿಸಿಲು ಮಳೆ ಕಾಣದ ಮಣ್ಣಿನಿಂದ. ಮಣ್ಣು ಆಗಿಬರುತ್ತದೆಯೇ ಎಂದು ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ಪರೀಕ್ಷಿಸುತ್ತಾರೆ. ನವಸಾಗರದ ಜೊತೆ ಆ ಮಣ್ಣನ್ನು ನೀರಿಗೆ ಹಾಕಿ ಕಾಯಿಸಿ ಉಜ್ಜಿದರೆ ಲೋಹ ಕಾಡಿಗೆಗಪ್ಪು, ಬೆಳ್ಳಿ ಮಾತ್ರ ಬೆಳ್ಳಗೆ. ಮಾಲ್‌ಗಳ ಪ್ಲಾಸ್ಟಿಕ್ ಬಳ್ಳಿಗೆ ಇಂಥ ಯಾವ ಋಣವೂ ಇಲ್ಲ. ಕೃತಕವೆಂದರೆ ಎಲ್ಲವೂ ಒಂದೇ ಅಲ್ಲ.

ಬೀದರಿನ ನೌಬಾದಿನಲ್ಲಿರುವ ಸುರಂಗ ಬಾವಿಯನ್ನೇ ನೋಡಿ. ಬಹಮನಿ ಕಾಲದಲ್ಲಿ, 15ನೇ ಶತಮಾನದಲ್ಲಿ, ಪರ್ಷಿಯಾದ ಕರೇಜ್ ವಿಧಾನದಲ್ಲಿ ಕೆಂಪು ಮುರಕಲ್ಲಿನೊಳಗೆ ಕೊರೆದ ಕಾಲುವೆ ಅದು. ಉದ್ದ 2 ಕಿ.ಮೀ.ಗೂ ಹೆಚ್ಚು. ಗಾಳಿ ಬೆಳಕಿಗೆಂದು, ಹೂಳೆತ್ತಲೆಂದು ಸಾಲಾಗಿ ಬಾವಿಗಳು. ಪಂಪಿಲ್ಲ, ಇಳಿಜಾರೇ ನೀರನ್ನು ನಡೆಸುತ್ತದೆ. ಅದೂ ಮನುಷ್ಯನೇ ಕಟ್ಟಿದ ತೊರೆ, ಆದರೆ ನೆಲದ ಸ್ವಭಾವ ತಿಳಿದು ಕಟ್ಟಿದ್ದು. ಈಗ ಅದರ ನೆತ್ತಿಯ ಮೇಲೆ ರಸ್ತೆ, ಬಡಾವಣೆಗಳು ಹಬ್ಬಿವೆ. ಕಾಲಡಿಯ ಕಾಲುವೆ ಎಲ್ಲಿ ಸಾಗುತ್ತದೆ ಎಂಬುದನ್ನು ಮೇಲೆ ಓಡಾಡುವವರಿಗೆ ಕಾಣಿಸುವ ಕೃತಿಯೊಂದು ಅಲ್ಲಿ ಬರಬೇಕು. ಬಾವಿಯಿಂದ ಬಾವಿಗೆ ಒಂದು ಬಣ್ಣದ ಗೆರೆ ಎಳೆದರೂ ಸಾಕು, ಯಾವ ಮನೆ ನೀರಿನ ದಾರಿಯ ಮೇಲೆ ನಿಂತಿದೆ ಎಂಬುದು ಊರಿಗೆಲ್ಲ ತಿಳಿಯುತ್ತದೆ.